ತೂಕಪ್ಪನ ಮೂಗಿನಿಂದ ಹೋದ ತೂಕ

ತಕ್ಕಡಿ ರಿಪೇರಿ ಮಾಡುವವನನ್ನು ಬೀದಿಯವರೆಲ್ಲ ತೂಕಪ್ಪ ಎಂದೇ ಕರೆಯುತ್ತಿದ್ದರು. ಹಿಂದಿನಿಂದಲ್ಲ, ಎದುರಿಗೇ. ಅವನಿಗೂ ಅದರಲ್ಲಿ ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು ಅನ್ನಿ. ಹಣ್ಣಿನವನ ಕೈತಕ್ಕಡಿ, ಗುಜರಿ ಅಂಗಡಿಯ ಕಾಟಾ, ಅಂಚೆ ಕಚೇರಿಯ ಪುಟಾಣಿ ತಟ್ಟೆ, ಹೆರಿಗೆ ಆಸ್ಪತ್ರೆಯಲ್ಲಿ ಕೂಸುಗಳನ್ನು ಮಲಗಿಸುವ ತೊಟ್ಟಿಲು ತಕ್ಕಡಿ, ಎಲ್ಲದರ ಮುಳ್ಳೂ ಒಂದಲ್ಲ ಒಂದು ದಿನ ಅವನ ಕೈ ಮುಟ್ಟಿಯೇ ನೆಟ್ಟಗಾಗಿತ್ತು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗೋಡೆಗೆ ಮೊಳೆಗಳು, ಮೊಳೆಗಳಿಗೆ ಸರಪಳಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ಸ್ಪ್ರಿಂಗುಗಳು, ಬಾಗಿಲ ಪಕ್ಕ ಆಳು ನಿಲ್ಲುವಷ್ಟು ದೊಡ್ಡ ಕಾಟಾ. ಒಳಗೆ ಕಾಲಿಟ್ಟವರೆಲ್ಲ ಸೀಮೆಎಣ್ಣೆಯ ವಾಸನೆಗೆ ಒಮ್ಮೆ ಸೀನುತ್ತಿದ್ದರು.

ಅವನ ಚಾಳಿಯ ಬಗ್ಗೆ ಹೇಳಬೇಕು. ಕಣ್ಣಿಗೆ ಬಿದ್ದದ್ದನ್ನೆಲ್ಲ ತೂಗುತ್ತಿದ್ದ. ಕ್ಷೌರ ಮಾಡಿಸಿಕೊಂಡರೆ ಕೂದಲನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದು ತೂಗುತ್ತಿದ್ದ. ನೆಂಟರು ಬಂದರೆ, 'ಬನ್ನಿ ಕೂತ್ಕೊಳ್ಳಿ' ಅನ್ನುವ ಮೊದಲು 'ಬನ್ನಿ ಹತ್ತಿ' ಅನ್ನುತ್ತಿದ್ದ. ನೆಂಟರಲ್ಲಿ ದಪ್ಪಗಿದ್ದವರು ಕ್ರಮೇಣ ಬರುವುದನ್ನೇ ಬಿಟ್ಟರು. ಅಪ್ಪನಿಂದ ಅವನಿಗೆ ಬಂದ ಆಸ್ತಿ ಎರಡೇ: ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಜೊತೆ ಹಿತ್ತಾಳೆಯ ತೂಕದ ಬಟ್ಟುಗಳು, ಮತ್ತು ಒಂದು ಮಾತು. 'ತೂಕಕ್ಕೆ ಕಾಲಿಲ್ಲ. ಇಟ್ಟಲ್ಲೇ ಇರುತ್ತೆ. ಇಲ್ಲ ಅಂದ್ರೆ ಯಾರೋ ಎತ್ತಿಕೊಂಡು ಹೋಗಿದಾರೆ.' ಈ ಮಾತನ್ನು ಅವನು ದಿನಕ್ಕೆ ಒಮ್ಮೆಯಾದರೂ ಯಾರ ತಲೆಯ ಮೇಲಾದರೂ ಹಾಕದೆ ಬಿಡುತ್ತಿರಲಿಲ್ಲ.

ಅವನ ಮದುವೆಯಾದದ್ದೂ ತಕ್ಕಡಿಯಿಂದಲೇ. ಬೀದಿಯ ತುದಿಯಲ್ಲಿದ್ದ ಆಲೂಗಡ್ಡೆ ಉಗ್ರಾಣಕ್ಕೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ ಕಾಟಾ ಕೊಳ್ಳಲು ಬಂದವಳು, ಅವನ ಬಟ್ಟುಗಳನ್ನು ನಂಬದೆ ತನ್ನ ಚೀಲದಿಂದ ತನ್ನದೇ ಕಬ್ಬಿಣದ ಬಟ್ಟು ತೆಗೆದು ತೂಗಿ ನೋಡಿದಳು. ಸರಿಯಾಗಿತ್ತು. 'ಪರವಾಗಿಲ್ಲ' ಅಂದಳು. ತನ್ನ ತಕ್ಕಡಿಯನ್ನು ಅನುಮಾನಿಸಿ ಆಮೇಲೆ ಒಪ್ಪಿದ ಮೊದಲ ವ್ಯಕ್ತಿಯನ್ನು ತೂಕಪ್ಪ ಹೇಗೆ ಬಿಟ್ಟಾನು? ಮದುವೆಯಾದ. ಅಂದಿನಿಂದ ಅವಳು ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಗ್ಗೆ ಹೋಗುವುದು, ಸಂಜೆ ಬರುವುದು. ಆಚೀಚೆಯವರ ಬಾಯಲ್ಲಿ ಉಗ್ರಾಣದಮ್ಮನಾದಳು.

ಸರಿ, ಇನ್ನು ರಗಳೆಗೆ ಬರೋಣ. ಆ ವರ್ಷದ ಬೇಸಿಗೆಯಲ್ಲಿ ಉಗ್ರಾಣಕ್ಕೆ ಹೊಸ ಮ್ಯಾನೇಜರ್ ಬಂದ. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುವ ಹಾಗೆ, ಬಂದವನೇ ರಾಶಿಯನ್ನೆಲ್ಲ ಮತ್ತೆ ತೂಗಿಸಿದ. ಒಳಗೆ ಬಂದಾಗ ಇದ್ದದ್ದಕ್ಕಿಂತ ಮೂಟೆಗಟ್ಟಲೆ ಕಡಿಮೆ. ಹಳೆಯ ಯಜಮಾನನ ಕಾಲದಲ್ಲಿ 'ಒಣಗಿ ಹೋಯ್ತು ಬಿಡಿ' ಎಂದು ಕೈ ಝಾಡಿಸಿ ಮರೆಯುತ್ತಿದ್ದ ವಿಷಯ ಅದು. ಹೊಸಬ ಮರೆಯುವವನಲ್ಲ.

"ಎರಡರಲ್ಲಿ ಒಂದು," ಎಂದ ಅವನು ಉಗ್ರಾಣದಮ್ಮನಿಗೆ. "ನಿಮ್ಮ ಗಂಡನ ತಕ್ಕಡಿ ಸುಳ್ಳು ಹೇಳ್ತಿರಬೇಕು. ಇಲ್ಲ, ಬೇಲಿಯೇ ಎದ್ದು ಹೊಲ ಮೇಯ್ದಿರಬೇಕು. ಯಾವುದು ಅಂತ ನೀವೇ ಹೇಳಿ. ಎರಡನೆಯದಾದ್ರೆ ನಾಳೆಯಿಂದ ಬರಬೇಡಿ."

ಅತ್ತ ದರಿ, ಇತ್ತ ಪುಲಿ. ತಕ್ಕಡಿ ತಪ್ಪು ಅಂದರೆ ಗಂಡನ ಅಂಗಡಿಗೆ ಯಾರೂ ಬರುವುದಿಲ್ಲ. ಸರಿ ಅಂದರೆ ತಾನೇ ಕಳ್ಳಿ. ಅವಳು ಮನೆಗೆ ಬಂದು, ಚೀಲವನ್ನು ಮೊಳೆಗೆ ಹಾಕಿ, ಇದ್ದದ್ದನ್ನು ಇದ್ದ ಹಾಗೆ ಗಂಡನಿಗೆ ಹೇಳಿ ಮುಖ ತೊಳೆಯಲು ಹೋದಳು.

ತೂಕಪ್ಪ ಕೂತಲ್ಲೇ ಕೂತ. ತಕ್ಕಡಿ ಸುಳ್ಳು ಹೇಳುವುದಿಲ್ಲ, ಅದಕ್ಕೆ ಹೋದ ವಾರ ತಾನೇ ಎಣ್ಣೆ ಹಾಕಿ ಬಂದಿದ್ದ. ತೂಕಕ್ಕೆ ಕಾಲಿಲ್ಲ. ಹಾಗಾದರೆ ಯಾರೋ ಎತ್ತಿಕೊಂಡು ಹೋಗಿದ್ದಾರೆ. ಬೀಗದ ಕೈ ಇರುವುದು... ಅಲ್ಲಿಗೆ ಬಂದು ಅವನ ತಲೆ ನಿಂತಿತು. ನಿಲ್ಲಬೇಕಿತ್ತು, ಆದರೆ ಕೈ ನಿಲ್ಲಲಿಲ್ಲ. ಬಚ್ಚಲಲ್ಲಿ ನೀರಿನ ಸದ್ದು ಕೇಳುತ್ತಿದ್ದಾಗಲೇ ಎದ್ದು, ಹೆಂಡತಿಯ ಚೀಲವನ್ನು ಮೊಳೆಯಿಂದ ತೆಗೆದು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ನೇತುಹಾಕಿದ. ಖಾಲಿ ಊಟದ ಡಬ್ಬಿ, ಒಂದು ಛತ್ರಿ, ಒಂದು ಬಾಚಣಿಗೆ. ಅಷ್ಟರದ್ದೇ ತೂಕ, ಒಂದು ಗ್ರಾಂ ಹೆಚ್ಚಿಲ್ಲ. ಮೊದಲು ಅವನಿಗೆ ಹಾಯೆನಿಸಿತು. ಮರುಗಳಿಗೆಗೇ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಗಡಿಬಿಡಿಯಲ್ಲಿ ಚೀಲವನ್ನು ಮತ್ತೆ ಮೊಳೆಗೆ ಸಿಕ್ಕಿಸಿ, ಏನೂ ಆಗದವನ ಹಾಗೆ ಒಂದು ತುಕ್ಕು ಹಿಡಿದ ತಟ್ಟೆಯನ್ನು ಉಜ್ಜುತ್ತಾ ಕೂತ. ಆ ತಟ್ಟೆ ಆವತ್ತಿನಷ್ಟು ಫಳಫಳ ಹೊಳೆದದ್ದು ಮುಂದೆ ಎಂದೂ ಇಲ್ಲ.

ಮಾರನೆಯ ದಿನ ಹೆಂಡತಿಯ ಹಿಂದೆಯೇ ಉಗ್ರಾಣಕ್ಕೆ ಹೋದ. ಮ್ಯಾನೇಜರನ ಮೇಜಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಹುಟ್ಟಿದಾಗಿನಿಂದ ಹೇಳದ ಮಾತು ಹೇಳಿದ.

"ತಪ್ಪು ನನ್ನ ತಕ್ಕಡೀದು. ಮುಳ್ಳು ಜಾರಿದೆ."

ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಹೆಂಡತಿಯ ದನಿ ಬಂತು. "ಇವರು ಸುಳ್ಳು ಹೇಳ್ತಿದಾರೆ, ಸಾರ್. ಅಭ್ಯಾಸ ಇಲ್ಲ, ಕಿವಿ ಕೆಂಪಾಗಿದೆ ನೋಡಿ. ದಿನಾ ಬೆಳಗ್ಗೆ ನನ್ನ ಬಟ್ಟು ಇಟ್ಟು ನೋಡ್ತೀನಿ, ತಕ್ಕಡಿ ಸರಿಯಾಗೇ ಇದೆ."

"ಸುಮ್ನಿರೇ," ಎಂದ ತೂಕಪ್ಪ ಹಲ್ಲು ಕಚ್ಚಿ.

"ನೀವು ಸುಮ್ನಿರಿ."

ಗಂಡ ಹೆಂಡಿರ ನಡುವೆ ಮ್ಯಾನೇಜರನ ತಲೆ ಅತ್ತಿಂದಿತ್ತ ಹೊರಳಿತು. ಒಬ್ಬ ತಪ್ಪೊಪ್ಪಿಕೊಳ್ಳುತ್ತಾನೆ, ಇನ್ನೊಬ್ಬಳು ಬಿಡುವುದಿಲ್ಲ. ಇದರಲ್ಲಿ ಏನೋ ಮಸಲತ್ತಿದೆ ಎಂದು ಅವನಿಗೆ ಖಾತ್ರಿಯಾಯಿತು. "ಇದಕ್ಕೊಂದು ಕೊನೆ ಕಾಣಿಸ್ತೀನಿ," ಎಂದು ಎದ್ದ. ರಾಶಿಯನ್ನು ಇನ್ನೊಮ್ಮೆ ತೂಗಿಸಿದ. ಆಮೇಲೆ ಗಾಳಿಕಿಂಡಿಗಳಿಗೆಲ್ಲ ಹಲಗೆ ಬಡಿಸಿ, ಬಾಗಿಲ ಸಂದಿಗೆ ಗೋಣಿ ತುರುಕಿಸಿ, ಬೀಗ ಜಡಿದು ಅದರ ಮೇಲೆ ಅರಗಿನ ಮುದ್ರೆ ಒತ್ತಿ, ಬೀಗದ ಕೈಯನ್ನು ತನ್ನ ಜೇಬಿಗೆ ಹಾಕಿಕೊಂಡ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅದೂ ಸೂರೆಯೇ ಆಗದ ಕೋಟೆಗೆ!

"ಕಿಂಡಿ ಮುಚ್ಚಬೇಡಿ ಸಾರ್," ಎಂದಳು ಉಗ್ರಾಣದಮ್ಮ. "ಆಲೂಗಡ್ಡೆಗೆ ಗಾಳಿ ಬೇಕು."

"ಓಹೋ, ಕಿಂಡಿಯಿಂದ ಹೋಗ್ತಿತ್ತು ಅಂತಾಯ್ತು," ಎಂದ ಮ್ಯಾನೇಜರ್. "ಮುದ್ರೆ ಒಡೆದು ತೂಗಿದಾಗ ತೂಕ ಹಾಗೇ ಇದ್ರೆ, ಇಷ್ಟು ದಿನ ಹೋದದ್ದು ಎಲ್ಲಿಗೆ ಅಂತ ಊರಿಗೇ ಗೊತ್ತಾಗುತ್ತೆ."

ಕೆಲಸವಿಲ್ಲದೆ ಉಗ್ರಾಣದಮ್ಮ ಮನೆಯಲ್ಲಿ ಕೂತಳು. ತೂಕಪ್ಪನಿಗೆ ಅನ್ನ ಇಳಿಯಲಿಲ್ಲ. ಹೆಂಡತಿ ಕದ್ದಿಲ್ಲ ಎಂಬುದು ಅವನಿಗೆ ಗೊತ್ತು, ತಕ್ಕಡಿ ಸುಳ್ಳಲ್ಲ ಎಂಬುದೂ ಗೊತ್ತು. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂಬುದು ಮಾತ್ರ ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ರಜೆಯ ದಿನ ಅವನ ತಂಗಿ ಬಂದಳು. ಶಾಲೆಯಲ್ಲಿ ವಿಜ್ಞಾನ ಪಾಠ ಹೇಳುವವಳು, ಅಣ್ಣನನ್ನು ರೇಗಿಸುವ ಹಕ್ಕು ಜನ್ಮಸಿದ್ಧ ಎಂದು ತಿಳಿದವಳು. ತೂಕ ಕಡಿಮೆಯಾದ ಕಥೆ ಕೇಳಿ ಅವಳು ನಗತೊಡಗಿದಳು.

"ಅಣ್ಣ, ಆಲೂಗಡ್ಡೆ ಸತ್ತಿದೆ ಅಂದ್ಕೊಂಡಿದೀಯಾ? ನೆಲದಿಂದ ಕಿತ್ತ ಮಾತ್ರಕ್ಕೆ ಸಾಯಲ್ಲ. ಜೀವ ಇದ್ದ ಮೇಲೆ ಹೊಟ್ಟೆಗೆ ಬೇಕಲ್ಲ? ತನ್ನನ್ನೇ ತಾನು ಚೂರುಚೂರೇ ತಿಂತಾ ಇರುತ್ತೆ. ಒಳಗಿರೋ ಪಿಷ್ಟಾನ ಸಕ್ಕರೆ ಮಾಡ್ಕೊಂಡು, ಗಾಳೀಲಿರೋ ಆಮ್ಲಜನಕ ಎಳ್ಕೊಂಡು, ಒಂದೊಂದು ಜೀವಕೋಶದಲ್ಲೂ ಮೆಲ್ಲಗೆ ಸುಡುತ್ತೆ. ಉರಿ ಕಾಣಲ್ಲ, ಅಷ್ಟೇ. ಅದರಿಂದ ಬರೋ ಶಕ್ತೀಲಿ ಬದುಕಿರುತ್ತೆ, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತೆ."

"ಅದಕ್ಕೇ ರಾಶಿಯೊಳಗೆ ಕೈ ಹಾಕಿದ್ರೆ ಬೆಚ್ಚಗಿರುತ್ತೆ," ಎಂದಳು ಅತ್ತಿಗೆ ಅಡುಗೆಮನೆಯಿಂದ. "ನಾನು ಬಿಸಿಲಿನ ಝಳ ಅಂದ್ಕೊಂಡಿದ್ದೆ."

"ಝಳ ಅಲ್ಲ ಅತ್ತಿಗೆ, ಉಸಿರಾಟ. ಸುಟ್ಟು ಉಳಿಯೋದು ಎರಡೇ, ಇಂಗಾಲದ ಡೈಆಕ್ಸೈಡು, ನೀರು. ಜೊತೆಗೆ ಒಳಗಿನ ಹಸಿ ನೀರೂ ಆವಿಯಾಗಿ ಹೋಗ್ತಿರುತ್ತೆ. ಎಲ್ಲ ಗಾಳಿಗೆ. ತೂಕ ಕಡಿಮೆ ಆಗದೆ ಇನ್ನೇನಾಗುತ್ತೆ?"

ತೂಕಪ್ಪ ತಲೆಯಾಡಿಸಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. "ತೂಕಕ್ಕೆ ಕಾಲಿಲ್ಲ. ಗಾಳಿ ಆಗಿ ಹೋಯ್ತು ಅಂದ್ರೆ ಯಾವ ಮ್ಯಾನೇಜರ್ ನಂಬ್ತಾನೆ? ನಾನೇ ನಂಬಲ್ಲ."

"ನಂಬಬೇಡ. ಹತ್ತು."

ಆ ಮನೆಯಲ್ಲಿ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ತಂಗಿ ಕಾಟಾದ ಮೇಲೆ ಕುರ್ಚಿ ಇಟ್ಟು ಅಣ್ಣನನ್ನು ಕೂರಿಸಿದಳು. ಬೆಳಗಿನ ತಿಂಡಿ ಆಗಿದೆ. ಇನ್ನು ಊಟದ ಹೊತ್ತಿನವರೆಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಇಳಿಯುವಂತಿಲ್ಲ. ಸುಮ್ಮನೆ ಉಸಿರಾಡಿಕೊಂಡಿರಬೇಕು. ತೂಕಪ್ಪ ತಾನೇ ಬಟ್ಟು ಇಟ್ಟು, ದಂಡವನ್ನು ಕೂದಲೆಳೆಯಷ್ಟೂ ಅಲುಗದಂತೆ ಸಮ ಮಾಡಿ, ಕೈಕಟ್ಟಿ ಕೂತ. ತನ್ನದೇ ಅಂಗಡಿಯಲ್ಲಿ ತಾನೇ ಮೂಟೆಯಾಗಿ ಕೂತದ್ದು ಅವನಿಗೆ ಅದೇ ಮೊದಲು. ಸೈಕಲ್ ರಿಪೇರಿಯವನು ಬಂದು, 'ಏನ್ ರಾಯರೇ, ಮಾರಾಟಕ್ಕಾ?' ಎಂದು ಕೇಳಿ ಹೋದ. ಮೂಗು ತುರಿಸಿತು. ತುರಿಸಿಕೊಂಡರೆ ತೂಕ ಬದಲಾದೀತೇನೋ ಎಂದು ಅದನ್ನೂ ತಡೆದುಕೊಂಡ. ಅಡುಗೆಮನೆಯಿಂದ ಘಮಘಮ ವಾಸನೆ ಬರತೊಡಗಿತು. ಅದು ಹೆಂಡತಿಯ ಹುನ್ನಾರವೇ ಇರಬೇಕು.

ಊಟದ ಹೊತ್ತಿಗೆ ದಂಡ ಬಾಗಿತ್ತು. ಅವನಿದ್ದ ಕಡೆ ಮೇಲೆದ್ದಿತ್ತು.

"ಕಾಟಾ ಕೆಟ್ಟಿದೆ," ಎಂದ ತೂಕಪ್ಪ. ಅಂದವನೇ ನಾಲಗೆ ಕಚ್ಚಿಕೊಂಡ. ಇಳಿದು, ಅಪ್ಪನ ಹಿತ್ತಾಳೆ ಬಟ್ಟುಗಳನ್ನು ಬಟ್ಟೆಯಿಂದ ಬಿಡಿಸಿ, ಒಂದೊಂದಾಗಿ ಇಟ್ಟು ನೋಡಿದ. ಕಾಟಾ ಕೆಟ್ಟಿರಲಿಲ್ಲ. ಮತ್ತೆ ಹತ್ತಿ ಕೂತ. ತಂಗಿ ಅಡುಗೆಮನೆಯಿಂದ ಸಣ್ಣ ಸಣ್ಣ ಆಲೂಗಡ್ಡೆ ಆರಿಸಿ ತಂದು ಅವನ ತೊಡೆಯ ಮೇಲೆ ಒಂದನ್ನಿಟ್ಟಳು, ತೆಗೆದು ಇನ್ನೊಂದನ್ನಿಟ್ಟಳು. ದಂಡ ತೂಗಾಡಿ ಸಮನಾಗಿ ನಿಂತಿತು.

"ಕೂತಲ್ಲೇ ಒಂದು ಆಲೂಗಡ್ಡೆ ಕದ್ದೆಯಲ್ಲೋ ಅಣ್ಣ. ಎಲ್ಲಿ ಬಚ್ಚಿಟ್ಟಿದೀಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತೂಕಪ್ಪ ಮೂಗು ಮುಟ್ಟಿ ನೋಡಿಕೊಂಡ.

"ಅದರಲ್ಲಿ ಮುಕ್ಕಾಲುಪಾಲು ಮೈಯಿಂದ ಉಸಿರಿನಿಂದ ಹೋದ ನೀರು," ಎಂದಳು ತಂಗಿ. "ಮಿಕ್ಕಿದ್ದು ನೀನು ಉಂಡದ್ದು. ಒಳಗೆ ಸುಟ್ಟು ಮೂಗಿನಿಂದ ಹೋಯ್ತು. ನೀನೂ ಆಲೂಗಡ್ಡೆಯೂ ಬದುಕೋದು ಒಂದೇ ಥರ."

"ನಿಮ್ಮಣ್ಣನ ವಿಷಯದಲ್ಲಿ ನನಗೆ ಮೊದಲಿಂದಲೂ ಅನುಮಾನ ಇತ್ತು," ಎಂದಳು ಉಗ್ರಾಣದಮ್ಮ.

ತೂಕಪ್ಪನಿಗೆ ನಗು ಬರಲಿಲ್ಲ. ಅವನ ಕಣ್ಣು ಗೋಡೆಯ ಮೊಳೆಯಲ್ಲಿದ್ದ ಚೀಲದ ಮೇಲೆ ಹೋಗಿ ಬಂತು. ತೂಕ ಎದ್ದು ಹೋಗುತ್ತದೆ, ಯಾರೂ ಎತ್ತಿಕೊಂಡು ಹೋಗಬೇಕಿಲ್ಲ. ಇಷ್ಟು ವರ್ಷ ಒಂದೇ ಮಾತನ್ನು ಹಿಡಿದುಕೊಂಡು, ಆ ಮಾತಿಗಾಗಿ ಹೆಂಡತಿಯ ಚೀಲಕ್ಕೆ ಕೈಹಾಕಿದೆನಲ್ಲ ಎಂದು ಅವನು ತಲೆ ತಗ್ಗಿಸಿದ. ಆಮೇಲೆ ಇನ್ನೊಂದು ಹೊಳೆದು ತಲೆಯೆತ್ತಿದ. "ಅಲ್ಲಾ, ಈಗ ಕಿಂಡಿಯೆಲ್ಲ ಮುಚ್ಚಿದಾರಲ್ಲ. ಒಳಗಿನ ಗಾಳಿ ಮುಗಿದ್ರೆ?"

ತಂಗಿಯ ನಗು ನಿಂತಿತು. "ಮುಚ್ಚಿದಾರಾ? ಹಾಗಾದ್ರೆ ಇಷ್ಟೊತ್ತಿಗೆ ಆಮ್ಲಜನಕ ಖಾಲಿಯಾಗಿರುತ್ತೆ. ಅದಿಲ್ಲದೆ ಸಕ್ಕರೆ ಪೂರ್ತಿ ಸುಡಲ್ಲ, ಅರ್ಧಕ್ಕೇ ಮುರಿಯುತ್ತೆ. ಸಿಗೋ ಶಕ್ತಿ ಚಿಟಿಕೆಯಷ್ಟು, ಮಿಕ್ಕಿದ್ದು ಮದ್ಯ ಆಗಿ ಕೂತಿರುತ್ತೆ. ಹುದುಗುವಿಕೆ ಅಂದ್ರೆ ಅದೇ. ಬ್ರೆಡ್ಡಿನ ಹಿಟ್ಟೊಳಗೆ ಯೀಸ್ಟ್ ಮಾಡೋದೂ ಅದನ್ನೇ. ಬಸ್ಸಿನ ಹಿಂದೆ ಜೋರಾಗಿ ಓಡಿದಾಗ ನಮ್ಮ ತೊಡೆಯ ಮಾಂಸಖಂಡಾನೂ ಗಾಳಿ ಸಾಲದೆ ಅದೇ ದಾರಿ ಹಿಡಿಯುತ್ತೆ. ಮದ್ಯದ ಬದಲು ಹುಳಿ ಬಿಡುತ್ತೆ, ಅಷ್ಟೇ."

"ಸದ್ಯ," ಎಂದಳು ಉಗ್ರಾಣದಮ್ಮ. "ಇಲ್ಲದಿದ್ರೆ ಬಸ್ಸು ಹಿಡಿದವರೆಲ್ಲ ತೂರಾಡಿಕೊಂಡು ಹತ್ತಬೇಕಿತ್ತು."

"ತಮಾಷೆ ಅಲ್ಲ ಅತ್ತಿಗೆ. ಆ ಕೋಣೆಯೊಳಗೆ ಯಾರೂ ಕಾಲಿಡಬಾರದು. ಒಳಗೆ ಉಸಿರಾಡೋಕೆ ಏನೂ ಇರಲ್ಲ. ಬಾಗಿಲು ತೆಗೆದು, ಕಿಂಡಿ ಬಿಚ್ಚಿ, ಗಾಳಿಯಾಡೋಕೆ ಬಿಟ್ಟು ಆಮೇಲೆ ಹೋಗಬೇಕು."

ಮಾರನೆಯ ದಿನವೇ ಮುದ್ರೆ ಒಡೆಯುವ ದಿನ. ಗಂಡ ಹೆಂಡತಿ ಬಾಗಿಲ ಬಳಿ ಮ್ಯಾನೇಜರನಿಗೆ ಎಲ್ಲವನ್ನೂ ಹೇಳಿದರು. ಆಲೂಗಡ್ಡೆ ಉಸಿರಾಡುತ್ತದೆ ಎಂಬಲ್ಲಿಗೆ ಅವನು ತುಟಿಯಲ್ಲಿ ನಕ್ಕ. ಮೂಗಿನಿಂದ ತೂಕ ಹೋಗುತ್ತದೆ ಎಂಬಲ್ಲಿಗೆ ಕೇಳುವುದನ್ನೇ ನಿಲ್ಲಿಸಿ ಮುದ್ರೆ ಒಡೆದ. ಬಾಗಿಲು ತೆರೆದದ್ದೇ ಒಳಗಿನಿಂದ ಹೆಂಡದಂಗಡಿಯ ವಾಸನೆ ರಪ್ಪನೆ ಬಂದು ಮುಖಕ್ಕೆ ಬಡಿಯಿತು.

"ಇದೇನು ಉಗ್ರಾಣವೋ, ಕುಡುಕರ ಅಡ್ಡೆಯೋ?" ಎಂದು ಮ್ಯಾನೇಜರ್ ಕೆರಳಿದ. "ಈಗ ಗೊತ್ತಾಯ್ತು ಇಲ್ಲಿ ಏನು ನಡೀತಿತ್ತು ಅಂತ. ಬಾಟ್ಲಿ ಎಲ್ಲಿವೆ?"

"ನಿಲ್ಲಿ ಸಾರ್." ಉಗ್ರಾಣದಮ್ಮ ಹೊಸ್ತಿಲ ಹೊರಗೇ ನಿಂತು, ಮೇಣದಬತ್ತಿ ಹಚ್ಚಿ, ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿ ನೆಲದ ಹತ್ತಿರ ಒಳಗೆ ಚಾಚಿದಳು. ಬತ್ತಿ ಗಾಳಿಯಿಲ್ಲದೆ ತಟ್ಟನೆ ಆರಿಹೋಯಿತು. ಕೇಳುವವನಿಗೆ ಅಷ್ಟು ಸಾಕಿತ್ತು. ಮ್ಯಾನೇಜರ್ ಕೇಳುವವನಲ್ಲ. ಬಾಟಲಿ ಹುಡುಕಲು ದಾಪುಗಾಲಿಟ್ಟು ಒಳಗೆ ನುಗ್ಗಿದ.

ಅವನು ನುಗ್ಗುತ್ತಾನೆ ಎಂದು ಉಗ್ರಾಣದಮ್ಮನಿಗೆ ಮೊದಲೇ ಗೊತ್ತಿತ್ತು. ಮೂಟೆ ಎಳೆಯುವ ಉದ್ದ ಹಿಡಿಯ ಕೊಕ್ಕೆಯನ್ನು ಸೆರಗಿನ ಮರೆಯಲ್ಲಿ ಹಿಡಿದೇ ನಿಂತಿದ್ದಳು. ಅವನು ಹೊಸ್ತಿಲು ದಾಟುವಾಗಲೇ ಕೊಕ್ಕೆ ಅವನ ಬೆಲ್ಟಿಗೆ ಬಿದ್ದಿತ್ತು. ಒಳಗೆ ಹೋದವನ ಮಾತು ನಡುವೆಯೇ ತೊದಲಿತು, ಮೊಣಕಾಲು ಮಡಿಯಿತು. "ಎಳೀರಿ," ಎಂದಳು. ತೂಕಪ್ಪನೂ ಕೈಹಾಕಿದ. ಇಬ್ಬರೂ ಸೇರಿ ಮ್ಯಾನೇಜರನನ್ನು ಆಲೂಗಡ್ಡೆಯ ಮೂಟೆಯಂತೆಯೇ ದರದರ ಎಳೆದು ಹೊರಗೆ ಹಾಕಿದರು. ಬಿದ್ದದ್ದು ಅಂಗಳದ ಕಾಟಾದ ಮೇಲೆ. ಮುಳ್ಳು ಸರ್ರನೆ ಏರಿತು. ಆ ಗಾಬರಿಯಲ್ಲೂ ತೂಕಪ್ಪ ಅದನ್ನು ಓದದೆ ಬಿಡಲಿಲ್ಲ.

ಹೊರಗಿನ ಗಾಳಿ ತಾಗಿ ಮ್ಯಾನೇಜರ್ ಕಣ್ಣು ಬಿಟ್ಟ. ಎದ್ದು ನಿಂತು ಎರಡು ಹೆಜ್ಜೆ ತೂರಾಡಿದ. ದಾರಿಯಲ್ಲಿ ಹೋಗುತ್ತಿದ್ದ ಗಾಡಿಯವನು ಮೂಗು ಅರಳಿಸಿ, "ಬೆಳ್‍ಬೆಳಗ್ಗೆನೇ ಸಾಹೇಬ್ರು ಏರಿಸಿದಾರೆ," ಎಂದು ಜೊತೆಯವನಿಗೆ ಹೇಳಿಕೊಂಡು ಹೋದ. ಆ ಮಾತು ಮಧ್ಯಾಹ್ನದೊಳಗೆ ಪೇಟೆಯೆಲ್ಲ ಸುತ್ತಿತು.

ಕಿಂಡಿಗಳ ಹಲಗೆ ಕಿತ್ತು, ಕೋಣೆಗೆ ಚೆನ್ನಾಗಿ ಗಾಳಿಯಾಡಿದ ಮೇಲೆ ರಾಶಿ ತೂಗಿದರು. ಮೊದಲಿಗಿಂತ ಕಡಿಮೆ. ಒಂದು ಆಲೂಗಡ್ಡೆ ಕೊಯ್ದು ನೋಡಿದರೆ ನಡುವೆ ಉಸಿರುಗಟ್ಟಿ ಕಪ್ಪಾಗಿತ್ತು. ಅಂಥವೇ ಎಷ್ಟೋ ಇದ್ದವು.

"ಬೀಗದ ಕೈ ಯಾರ ಹತ್ರ ಇತ್ತು, ಸಾರ್?" ಎಂದಳು ಉಗ್ರಾಣದಮ್ಮ, ಬೆಣ್ಣೆಯಂಥ ದನಿಯಲ್ಲಿ.

"ನನ್ನ ಹತ್ರ."

"ಮುದ್ರೆ?"

"ನಂದೇ."

"ಬೇಲಿಯೇ ಎದ್ದು ಅಂತ ಏನೋ ಒಂದು ಗಾದೆ ಹೇಳಿದ್ರಿ ಆವತ್ತು. ಪೂರ್ತಿ ನೆನಪಾಗ್ತಿಲ್ಲ ನನಗೆ."

ಮ್ಯಾನೇಜರ್ ಬೀಗದ ಕೈಯನ್ನು ಜೇಬಿನಿಂದ ತೆಗೆದು ಅವಳ ಕೈಗೆ ಕೊಟ್ಟ.

ಆ ಸಂಜೆ ತೂಕಪ್ಪ ಖುಷಿಯಲ್ಲಿ ಅಂಗಡಿ ಗುಡಿಸಿ ಕಾದಿದ್ದ. ಹೆಂಡತಿ ಬಂದಳು. ಚೀಲವನ್ನು ಮೊಳೆಗೆ ಹಾಕಲಿಲ್ಲ. ನೇರ ಹೋಗಿ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ನೇತುಹಾಕಿ, "ತೂಗಿ," ಎಂದಳು.

ತೂಕಪ್ಪನ ಕೈಯಿಂದ ಪೊರಕೆ ಜಾರಿತು. "ನಿನಗೆ ಗೊತ್ತಿತ್ತಾ?"

"ಎಡಗಡೆ ಮೊಳೆಗೆ ಹಾಕಿದ್ದ ಚೀಲ ಬಲಗಡೆ ಮೊಳೇಲಿತ್ತು. ಇಟ್ಟ ಸೂಜಿ ಕದಲಿದ್ರೆ ಮನೆ ಮೇಲೆ ಕೆಳಗೆ ಮಾಡೋ ಮನುಷ್ಯ ನೀವು. ಆವತ್ತು ಗಡಿಬಿಡಿ ಆಗಿರಬೇಕು."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀವು ನಿಜ ಹೇಳ್ತಿದ್ರಿ. ಅದನ್ನ ಕೇಳಿಸ್ಕೊಳ್ಳೋಕೆ ನನಗೆ ಧೈರ್ಯ ಇರಲಿಲ್ಲ." ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಮಾರನೇ ದಿನ ನನಗೋಸ್ಕರ ಸುಳ್ಳು ಹೇಳಿದ್ರಲ್ಲ, ಅದಕ್ಕೆ ಉಳ್ಕೊಂಡ್ರಿ."

"ತಪ್ಪಾಯ್ತು ಕಣೇ," ಎಂದ ತೂಕಪ್ಪ. "ದೊಡ್ಡ ತಪ್ಪಾಯ್ತು."

"ಅದು ಸರಿ. ಮುಳ್ಳು ನೋಡಿ ಮೊದಲು."

ನೋಡಿದ. ಡಬ್ಬಿ, ಛತ್ರಿ, ಬಾಚಣಿಗೆಗಿಂತ ಜಾಸ್ತಿ ಇತ್ತು. ಅವಳು ಚೀಲಕ್ಕೆ ಕೈಹಾಕಿ ಒಂದು ಆಲೂಗಡ್ಡೆ ತೆಗೆದಳು.

"ಕದ್ದದ್ದು," ಎಂದಳು. "ಇವತ್ತೇ, ಇದೊಂದೇ. ಅಷ್ಟು ಕಷ್ಟಪಟ್ಟು ಅನುಮಾನ ಪಟ್ಟಿದ್ರಿ, ದಂಡ ಆಗಬಾರದಲ್ಲ."

ವಾಪಸು ಇಟ್ಟು ಬಾ ಅನ್ನಲು ತೂಕಪ್ಪ ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿಕೊಂಡ. ಆಲೂಗಡ್ಡೆ ಬೆಂದಿತು. ಉಪ್ಪು, ಕಾಳುಮೆಣಸು ಹಾಕಿ ಇಬ್ಬರೂ ಅರ್ಧರ್ಧ ತಿಂದರು. ಜೀವಮಾನದಲ್ಲಿ ಒಂದು ಗ್ರಾಂ ಆಚೀಚೆ ಮಾಡದವನಿಗೆ ಅದು ರುಚಿಯಾಗಿತ್ತು, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಕೊನೆಯ ತುತ್ತು ಗಂಟಲಲ್ಲಿರುವಾಗಲೇ ಹೊರಗೆ ಬೂಟಿನ ಸದ್ದಾಯಿತು. ಮ್ಯಾನೇಜರ್.

"ಬೆಳಗ್ಗೆ ಸರಿಯಾಗಿ ಹೇಳೋಕೆ ಆಗಲಿಲ್ಲ," ಎಂದ ಅವನು ಬಾಗಿಲಲ್ಲೇ ನಿಂತು. "ಅಮ್ಮನವರ ಮೇಲೆ ಅನುಮಾನ ಪಟ್ಟದ್ದು ನನ್ನ ತಪ್ಪು. ಇಂಥ ಪ್ರಾಮಾಣಿಕರನ್ನ ನಾನು ನೋಡಿಲ್ಲ."

ತಿಂದದ್ದು ಮೂಗಿನಿಂದ ಹೊರಗೆ ಬಂದೀತೆಂದು ತೂಕಪ್ಪ ಕೆನ್ನೆ ಉಬ್ಬಿಸಿ, ತುಟಿ ಬಿಗಿದು, ಕಣ್ಣರಳಿಸಿ ನಿಂತಿದ್ದ. ಮ್ಯಾನೇಜರನಿಗೆ ಅದು ಕೋಪದ ಹಾಗೆ ಕಂಡಿರಬೇಕು, ಇನ್ನೊಮ್ಮೆ ಕೈಮುಗಿದು ಹೊರಟುಹೋದ. ಬೂಟಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು.

"ಹೋದ್ರು. ಇನ್ನು ಉಸಿರು ಬಿಡಿ," ಎಂದಳು ಹೆಂಡತಿ, ನಗು ತಡೆಯಲಾರದೆ ಗೋಡೆಗೆ ಒರಗಿ. "ಬಿಡದಿದ್ರೆ ನೀವೂ ಹುಳಿ ಹಿಡೀತೀರಿ."

ತೂಕಪ್ಪ ಉಸ್ಸೆಂದು ಉಸಿರು ಬಿಟ್ಟ. ಅವಳ ಚೀಲ ಇನ್ನೂ ತಕ್ಕಡಿಯ ಕೊಕ್ಕೆಯಲ್ಲೇ ನೇತಾಡುತ್ತಿತ್ತು. ಅವನು ಅದನ್ನು ಇಳಿಸಿ, ಮುಳ್ಳಿನ ಕಡೆ ನೋಡದೆ, ಎಡಗಡೆಯ ಮೊಳೆಗೆ ಹಾಕಿದ.